ದೊಡ್ಡದಾದ ದೀಪ

ಮಧುಗಿರಿಗೆ ವಿದ್ಯುತ್ ದೀಪ ಬಂದ ಹೊಸದರಲ್ಲಿ ನಾನು ಅಲ್ಲಿ ಸರ್ವೇ ಗುಮಾಸ್ತನಾಗಿದ್ದೆ. ಊರಾಚೆ ಆಗತಾನೆ ಏಳುತ್ತಿದ್ದ ಬಡಾವಣೆಯಲ್ಲಿ ಎಲ್ಲೆಲ್ಲಿ ಕಂಬ ನೆಡಬೇಕು, ಯಾವ ಬೀದಿಗೆ ತಂತಿ ಎಳೆಯಬೇಕು, ಯಾವ ಮನೆಗೆ ಎಷ್ಟು ದೀಪ ಬೇಕು ಎಂದು ಬರೆದುಕೊಂಡು ಬರುವುದು ನನ್ನ ಕೆಲಸ. ಆ ಕೆಲಸದಲ್ಲಿ ನಾನು ಬಹಳ ಚುರುಕು ಎಂದು ಮೇಲಿನವರು ಹೇಳುತ್ತಿದ್ದರು, ನಾನೂ ನಂಬಿದ್ದೆ. ಆ ಚುರುಕಿನಲ್ಲೇ ಒಂದು ಮನೆಯನ್ನು ಹಾಳು ಮಾಡಿದೆ. ಒಂದು ಮಾತನ್ನು ತಪ್ಪಾಗಿ ತಿಳಿದುಕೊಂಡೆ. ತಪ್ಪು ಎಂದು ಗೊತ್ತಾದ ಮೇಲೂ ಬಾಯಿಮುಚ್ಚಿಕೊಂಡು ಕೂತೆ. ಮೊದಲನೆಯದನ್ನು ದೇವರು ಕ್ಷಮಿಸಬಹುದು. ಎರಡನೆಯದನ್ನು ನಾನೇ ಕ್ಷಮಿಸಿಲ್ಲ, ಇನ್ನು ದೇವರ ಮಾತೇಕೆ.

ಹಳೇ ಪೇಟೆ ಬೆಟ್ಟದ ಬುಡಕ್ಕೆ ಅಂಟಿಕೊಂಡು ಇಕ್ಕಟ್ಟಾಗಿ ಬೆಳೆದಿತ್ತು. ಪ್ಲೇಗಿನ ವರ್ಷಗಳಲ್ಲಿ ಜನ ಊರು ಬಿಟ್ಟು ಗುಡಿಸಲು ಹಾಕಿಕೊಂಡು ಬದುಕಿದ್ದ ಬಯಲನ್ನೇ ಮುನಿಸಿಪಾಲಿಟಿಯವರು ಆಮೇಲೆ ಅಳೆದು, ಕಲ್ಲು ನೆಟ್ಟು, ನಿವೇಶನಗಳಾಗಿ ಹಂಚಿದರು. ನಕ್ಷೆಯಲ್ಲಿ ಅದರ ಹೆಸರು ಎಕ್ಸ್‌ಟೆನ್ಷನ್. ಊರಿನವರ ಬಾಯಲ್ಲಿ ಅದು 'ಇಷ್ಟೇನ್ಸನ್ನು' ಆಯಿತು. ಅಷ್ಟು ದೊಡ್ಡ ಹೆಸರಿಟ್ಟುಕೊಂಡು ಇಷ್ಟೇನಾ ಎಂದು ಕೇಳುವ ಹಾಗೆಯೇ ಇತ್ತು ಅದು: ಐದು ಬೀದಿ, ಒಂದು ಬಾವಿ, ಅರ್ಧಕ್ಕರ್ಧ ಮನೆಗಳಿಗೆ ಇನ್ನೂ ಗಾರೆಯಿಲ್ಲ. ಮೊದಲ ಎರಡು ಬೀದಿಗಳಲ್ಲಿ ಮಂಡಿ ವ್ಯಾಪಾರಿಗಳು, ವಕೀಲರು, ಪಿಂಚಣಿ ಪಡೆದ ಅಮಲ್ದಾರರು. ಹಿಂದಕ್ಕೆ ಹೋದಂತೆ ಮನೆಗಳು ಕುಳ್ಳಗಾಗುತ್ತಿದ್ದವು. ಐದನೆಯ ಬೀದಿಯಲ್ಲಿ ಹುಣಸೆಹಣ್ಣು ಬಿಡಿಸುವವರು, ಗಾಡಿ ಹೊಡೆಯುವವರು, ಕಂಬಳಿ ನೇಯುವವರು ಇದ್ದರು.

ಯಾವ ಬೀದಿಗೆ ತಂತಿ ಹೋಗಬೇಕೆಂಬುದಕ್ಕೆ ನಮ್ಮ ಕಚೇರಿಯಲ್ಲಿ ಒಂದು ಕಟ್ಟಳೆ ಇತ್ತು. ಬೀದಿಯಲ್ಲಿ ಎಂಟು ಮನೆಯವರಾದರೂ ದೀಪ ಬೇಕೆಂದು ಒಪ್ಪಬೇಕು. ಏಳಾದರೆ ಆ ಬೀದಿ ಬಿಟ್ಟುಹೋಯಿತು. ನಮ್ಮ ಓವರ್ಸಿಯರ್ ಕೆಟ್ಟವರಲ್ಲ, ಆದರೆ ಅವರ ಕೈಯಲ್ಲಿ ಸದಾ ಒಂದು ಕೆಂಪು ಪೆನ್ಸಿಲ್ ಇರುತ್ತಿತ್ತು. "ತಂತಿ ಹೊಲದಲ್ಲಿ ಬೆಳೆಯೋದಿಲ್ಲ ಕಣಯ್ಯ, ಎಂಟು ಅಂದ್ರೆ ಎಂಟು" ಎನ್ನುತ್ತಿದ್ದರು. ನಾನು ತಲೆಯಾಡಿಸಿ ಅಳತೆಯ ಸರಪಳಿ, ಗೂಟ, ಪುಸ್ತಕ ಎತ್ತಿಕೊಂಡು ಹೊರಡುತ್ತಿದ್ದೆ. ಹಿಂದೆ ಕಚೇರಿಯ ಜವಾನ, ನನಗಿಂತ ಇಪ್ಪತ್ತು ವರ್ಷ ದೊಡ್ಡವನು, ಗೂಟಗಳ ಕಟ್ಟನ್ನು ಹೊತ್ತು ಬರುತ್ತಿದ್ದ.

ಜನರಿಗೆ ನಾವೆಂದರೆ ತಮಾಷೆಯೂ ಹೌದು, ಭಯವೂ ಹೌದು. ತಂತಿಯೊಳಗೆ ಎಣ್ಣೆ ಹರಿಯುತ್ತದೋ ನೀರು ಹರಿಯುತ್ತದೋ ಎಂದು ಕೇಳುವವರು ಕೆಲವರು. ತಲೆಬಾಗಿಲಿಗೆ ಎದುರಾಗಿ ಕಂಬ ಬಂದರೆ ಮನೆಗೆ ಆಗಿಬರುವುದಿಲ್ಲ ಎಂದು, ನಾವು ಹೊಡೆದ ಗೂಟವನ್ನು ಪಕ್ಕದ ಮನೆಯವರ ಬಾಗಿಲಿಗೆ ಸರಿಸುವವರು ಇನ್ನು ಕೆಲವರು. ಪಕ್ಕದವರು ಮಾರನೆಯ ದಿನ ಅದನ್ನು ವಾಪಸು ಸರಿಸುತ್ತಿದ್ದರು. ನಾನು ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು, ಇವರಿಗೆಲ್ಲ ಬೆಳಕು ಕೊಡಲು ಬಂದವನು ನಾನೇ ಎಂಬ ಠೀವಿಯಲ್ಲಿ ನಡೆಯುತ್ತಿದ್ದೆ. ವಯಸ್ಸು ಇಪ್ಪತ್ತಮೂರು. ಆ ಠೀವಿ ನೆನೆಸಿಕೊಂಡರೆ ಈಗ ಮೈ ಉರಿಯುತ್ತದೆ.

ಐದನೆಯ ಬೀದಿಗೆ ಹೋದ ದಿನ ಮೊದಲು ಬಂದದ್ದು ಮೂಲೆಯಲ್ಲಿದ್ದ ಹುಣಸೆ ವ್ಯಾಪಾರಿಯ ಮನೆ. ಆ ಬೀದಿಗೆ ಅದೊಂದೇ ದೊಡ್ಡ ಮನೆ. ಆತ ಜಗಲಿಯ ಮೇಲೆ ತೂಗುಹಾಕಿದ್ದ ಗ್ಯಾಸ್ ಲೈಟನ್ನು ತೋರಿಸಿ, "ನಮ್ಮನೇಲಿ ದೊಡ್ಡ ದೀಪ ಐತೆ ಸ್ವಾಮಿ, ನಿಮ್ ಬುಡ್ಡಿ ಯಾವನಿಗೆ ಬೇಕು?" ಎಂದು ನಕ್ಕ. 'ಈಗಿನ ದೀಪ' ಎಂಬ ಕಾಲಂನಲ್ಲಿ 'ದೊಡ್ಡ ದೀಪ' ಎಂದು ಬರೆದು, ಪಕ್ಕದಲ್ಲಿ 'ಬೇಡ' ಎಂದು ಬರೆದೆ. ಅಲ್ಲಿಂದ ಮುಂದೆ ಒಂದೊಂದಾಗಿ ಏಳು ಮನೆಯವರು ಒಪ್ಪಿದರು. ಕೊನೆಯ ಮನೆಗೆ ಬರುವಾಗ ಬಿಸಿಲೇರಿತ್ತು, ಹೊಟ್ಟೆ ಹಸಿದಿತ್ತು, ಎಂಟನೆಯದು ಇಲ್ಲಿ ಸಿಕ್ಕರೆ ಊಟಕ್ಕೆ ಹೋಗಬಹುದೆಂದು ಮನಸ್ಸು ಆಗಲೇ ಊಟದ ಕಡೆ ಓಡಿತ್ತು.

ಕುಳ್ಳ ಮನೆ. ಒಂದೇ ಕಿಟಕಿ, ಅದೂ ಪಕ್ಕದ ಗೋಡೆಗೆ ಎದುರು. ಒಳಗೆ ಹೊಲಿಗೆಯ ಯಂತ್ರದ ಸದ್ದು ಬರುತ್ತಿತ್ತು. ಬಾಗಿಲಲ್ಲಿ ಐವತ್ತು ದಾಟಿದ ಹೆಂಗಸೊಬ್ಬಳು ನಿಂತಿದ್ದಳು, ಹಣೆಯಲ್ಲಿ ವಿಭೂತಿ. ನಾವು ಬರುವುದನ್ನು ನೋಡಿ ಆಗಲೇ ಜಗಲಿ ಗುಡಿಸಿ ಚಾಪೆ ಹಾಸಿದ್ದಳು. ನಾನು ಕೂರಲಿಲ್ಲ. ಪುಸ್ತಕದಿಂದ ತಲೆಯೆತ್ತದೆ ಎರಡು ಪ್ರಶ್ನೆಗಳನ್ನು ಒಂದೇ ಉಸಿರಿಗೆ ಕೇಳಿದೆ:

"ಯಾರ ಹೆಸರಿಗೆ ಬರೆದುಕೊಳ್ಳಲಮ್ಮ? ಈಗ ಮನೆಯಲ್ಲಿ ಯಾವ ದೀಪ?"

"ಯಾರ ಹೆಸ್ರು ಹೇಳ್ಲಿ ಸ್ವಾಮಿ" ಎಂದಳು. "ನಮ್ಮನೆ ದೀಪ ದೊಡ್ಡದಾಗಿ ಮೂರು ವರ್ಸ ಆಯ್ತು."

ನನ್ನ ಕಿವಿಗೆ ಬಿದ್ದದ್ದು ದೀಪ, ದೊಡ್ಡದು, ಮೂರು ವರ್ಷ. ಇವರೂ ಗ್ಯಾಸ್ ಲೈಟಿನವರೇ ಎಂದುಕೊಂಡೆ. ಹೊಲಿಗೆಯವರ ಮನೆ, ಇದ್ದರೂ ಇರಬಹುದು. ಎಂಟನೆಯದು ತಪ್ಪಿತಲ್ಲ ಎಂಬ ಬೇಸರ ಮುಚ್ಚಿಕೊಳ್ಳಲು ನಕ್ಕೆ. ನಕ್ಕು ಹೇಳಿದೆ:

"ಒಳ್ಳೇದೇ ಆಯಿತಲ್ಲಮ್ಮ! ಮೂರು ವರ್ಷದ ಹಿಂದೆಯೇ ದೊಡ್ಡದಾಯಿತು ಅಂದಮೇಲೆ ನಮ್ಮ ದೀಪ ನಿಮಗೇಕೆ?"

'ದೊಡ್ಡ ದೀಪ. ಬೇಡ' ಎಂದು ಬರೆದು ಗೀಟು ಎಳೆದೆ. ಅವಳು ಬಾಗಿಲ ಚೌಕಟ್ಟಿನ ಮೇಲೆ ಕೈಯಿಟ್ಟಳು. "ಅಂಗೇ ಆಗ್ಲಿ ಸ್ವಾಮಿ" ಎಂದಳು. ಒಳಗೆ ಯಂತ್ರದ ಸದ್ದು ನಿಂತುಹೋಯಿತು. ನನ್ನನ್ನು ನೋಡಲು ಕೆಲಸ ಬಿಟ್ಟು ಎದ್ದರೇನೋ ಎಂದುಕೊಂಡು, ಇನ್ನಷ್ಟು ನೆಟ್ಟಗೆ ನಡೆದುಕೊಂಡು ಬಂದೆ.

ಆಗ ನನಗೆ ಗೊತ್ತಿಲ್ಲದ್ದನ್ನು ಓದುವವರಿಗೆ ಈಗಲೇ ಹೇಳಿಬಿಡುತ್ತೇನೆ. ಆ ಯಂತ್ರ ಅವಳ ಒಬ್ಬನೇ ಮಗನದು. ಬಜಾರಿನಲ್ಲಿ ಬಟ್ಟೆ ಅಂಗಡಿಯ ಜಗಲಿಯಲ್ಲಿ ಕೂತು ಹೊಲಿಯುತ್ತಿದ್ದವನು ಮೂರು ವರ್ಷದ ಹಿಂದೆ ವಿಷಮಶೀತ ಜ್ವರ ಬಂದು ತೀರಿಕೊಂಡಿದ್ದ. ಒಳಗೆ ಹೊಲಿಯುತ್ತಿದ್ದವಳು ಅವನ ಹೆಂಡತಿ. ಗಂಡನಿಂದ ಕಲಿತ ಕೈಕೆಲಸ. ನೆರೆಹೊರೆಯವರ ರವಿಕೆ, ಲಂಗ ಹೊಲಿದು ಅತ್ತೆಯನ್ನೂ ತನ್ನನ್ನೂ ಸಾಕುತ್ತಿದ್ದಳು. ಜಗಲಿಯಲ್ಲಿ ಕೂತು ಹೊಲಿದರೆ ಬೆಳಕೇನೋ ಇತ್ತು. ಆದರೆ ಗಂಡ ಸತ್ತ ಚಿಕ್ಕ ವಯಸ್ಸಿನವಳು ಬೀದಿಗೆ ಮುಖ ಮಾಡಿ ಕೂತರೆ ಬೀದಿ ಸುಮ್ಮನಿರುತ್ತದೆಯೇ? ಹಾಗಾಗಿ ಒಳಗೇ ಕೂರಬೇಕು. ಒಳಗೆ ನಡುಮಧ್ಯಾಹ್ನವೂ ಕತ್ತಲು. ಸೀಮೆಎಣ್ಣೆ ಬುಡ್ಡಿಯ ಹೊಗೆ ಬಿಳಿ ಬಟ್ಟೆಗೆ ಹತ್ತಿಕೊಳ್ಳುತ್ತಿತ್ತು. ಒಂದು ಸಲ ಬುಡ್ಡಿ ಉರುಳಿ ಯಾರದೋ ಮದುವೆಯ ರವಿಕೆ ಸುಟ್ಟು, ಕೊಡುವವರು ಬಟ್ಟೆ ಕೊಡುವುದನ್ನೇ ಕಡಮೆ ಮಾಡಿದ್ದರು. ಅವಳ ಅಣ್ಣ ಪಾವಗಡದ ಕಡೆಯವನು. ತಂಗಿಯನ್ನು ಕರೆದುಕೊಂಡು ಹೋಗುತ್ತೇನೆಂದು ಬಂದು ಕೂರುತ್ತಿದ್ದ. ಅವಳಿಗೆ ಅತ್ತೆಯನ್ನು ಬಿಟ್ಟು ಹೋಗುವ ಮನಸ್ಸಿಲ್ಲ. ಕಡೆಗೆ ಅಣ್ಣನಿಗೆ ಒಂದು ಮಾತು ಕೊಟ್ಟಿದ್ದಳು: ಬಡಾವಣೆಗೆ ಕರೆಂಟು ಬರುತ್ತದೆ, ನಮ್ಮನೆಗೂ ದೀಪ ಬಂದರೆ ಇಲ್ಲೇ ಹೊಲಿದುಕೊಂಡು ಇರುತ್ತೇನೆ, ಬರದಿದ್ದರೆ ನಿನ್ನ ಹಿಂದೆ ಬರುತ್ತೇನೆ. ಅತ್ತೆ ಚಾಪೆ ಹಾಸಿ ಕಾದು ನಿಂತದ್ದು ಅದಕ್ಕೆ.

ಓವರ್ಸಿಯರ್ ಮುಂದೆ ಪುಸ್ತಕ ಇಟ್ಟೆ. ಐದನೆಯ ಬೀದಿಯ ಪುಟದಲ್ಲಿ ಬೆರಳಿಟ್ಟು ಎಣಿಸಿದರು. "ಏಳು. ಆಗಲಿಲ್ಲ" ಎಂದರು. ಕೆಂಪು ಪೆನ್ಸಿಲ್ ನಕ್ಷೆಯ ಮೇಲೆ ಒಂದು ಸಲ ಓಡಿತು. ನಾಲ್ಕನೆಯ ಬೀದಿಯ ಮೂಲೆಯ ಕಂಬವೇ ಕೊನೆಯ ಕಂಬ ಎಂದಾಯಿತು.

ಅದಾದ ಎರಡು ವಾರಕ್ಕೆ ನನ್ನ ಹೆಂಡತಿ ಸಂಸಾರ ಹೂಡಲು ಮಧುಗಿರಿಗೆ ಬಂದಳು. ಸಿರಾದ ಕಡೆಯ ಹುಡುಗಿ, ಮನೆ ತುಂಬ ಅಜ್ಜಿಯರು ಅತ್ತೆಯರು ಇದ್ದ ಕಡೆಯಿಂದ ಬಂದವಳು. ಬಂದ ಮೊದಲ ಶುಕ್ರವಾರ ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡು, ದೇವರ ಮುಂದೆ ದೀಪ ಹಚ್ಚಿ ಅಡುಗೆಮನೆಗೆ ಹೋದಳು. ನಾನು ಪಡಸಾಲೆಯಲ್ಲಿ ಪತ್ರಿಕೆ ಹಿಡಿದು ಕೂತಿದ್ದೆ. ಒಳಗಿನಿಂದ ಕೂಗಿದಳು:

"ರೀ, ದೇವರ ದೀಪ ದೊಡ್ಡದಾಯ್ತೇನೋ ನೋಡಿ. ಎಣ್ಣೆ ಹಾಕಿದ್ನೋ ಇಲ್ವೋ."

ಎದ್ದು ನೋಡಿದೆ. ಬತ್ತಿ ಕಪ್ಪಾಗಿ ಹೊಗೆಯಾಡುತ್ತಿತ್ತು. "ದೊಡ್ಡದೆಲ್ಲಿ ಆಗಿದೆ? ಆರಿಹೋಗಿದೆ" ಎಂದೆ.

ಕೈಯಲ್ಲಿ ಸೌಟು ಹಿಡಿದುಕೊಂಡೇ ಓಡಿಬಂದಳು. "ಅಯ್ಯೋ, ಬಿಡ್ತು ಅನ್ನಿ! ಶುಕ್ರವಾರದ ದಿನ ದೇವರ ಮುಂದೆ ನಿಂತುಕೊಂಡು ಅಂಥ ಮಾತಾ? ದೀಪಕ್ಕೆ ಯಾರಾದರೂ ಆ ಮಾತು ಹೇಳ್ತಾರಾ? ದೊಡ್ಡದಾಯ್ತು ಅನ್ನಬೇಕು. ಇಷ್ಟೂ ಗೊತ್ತಿಲ್ವಾ ನಿಮಗೆ?"

ಅವಳು ನಗುತ್ತಿದ್ದಳು. ನಾನು ಕೇಳಿದೆ, "ಮನೆ ದೀಪ ದೊಡ್ಡದಾಯ್ತು ಅಂದರೆ?"

ಅವಳ ನಗು ನಿಂತಿತು. "ಯಾರ ಮನೇದು? ಮಗ ಹೋದನಾ?"



ನನಗೆ ಗೊತ್ತಿರಲಿಲ್ಲ. ಇದನ್ನು ಹೇಳಿದರೆ ಯಾರು ನಂಬುತ್ತಾರೆ? ಕನ್ನಡದವನು, ಕನ್ನಡದಲ್ಲೇ ಓದಿದವನು. ಆದರೆ ನನಗೆ ಎರಡು ವರ್ಷವಾಗಿದ್ದಾಗಲೇ ತಾಯಿ ಹೋದಳು. ಅಪ್ಪ ಊರೂರು ತಿರುಗುವ ಕೆಲಸದವನು, ನನ್ನನ್ನು ಉಚಿತ ವಿದ್ಯಾರ್ಥಿನಿಲಯದಲ್ಲಿ ಬಿಟ್ಟ. ಅಲ್ಲಿ ಹುಡುಗರು, ಮೇಷ್ಟ್ರು, ಅಡುಗೆಭಟ್ಟರು, ಎಲ್ಲ ಗಂಡಸರೇ. "ಆರ್ಸೋ ದೀಪಾನ, ಬಿದ್ಕೋ" ಎಂದು ಮೇಲ್ವಿಚಾರಕರು ಗದರಿದರೆ ಉಫ್ ಎಂದು ಊದಿ ಮಲಗುತ್ತಿದ್ದೆವು. ದೀಪ ಆರಿತು ಎನ್ನಲು ಹೆದರಿ, ಅದು ದೊಡ್ಡದಾಯಿತು ಎಂದು ಹೇಳುವವರು ಇರುವ ಮನೆಯಲ್ಲಿ ನಾನು ಬೆಳೆದವನೇ ಅಲ್ಲ. ವ್ಯಾಕರಣದಲ್ಲಿ ನನಗೆ ಬಹುಮಾನ ಬಂದಿತ್ತು.

ಆಮೇಲೆ ಎಷ್ಟೋ ದಿನ ಆ ನಿಮಿಷವೇ ಕಣ್ಣಮುಂದೆ. ಒಬ್ಬ ತಾಯಿ ತನ್ನ ಮಗ ಹೋಗಿ ಮೂರು ವರ್ಷವಾಯಿತು ಎಂದು ಹೇಳುತ್ತಾಳೆ. ಎದುರಿಗೆ ನಿಂತ ಸರ್ಕಾರಿ ಮನುಷ್ಯ ನಕ್ಕು, ಒಳ್ಳೇದೇ ಆಯಿತು ಎನ್ನುತ್ತಾನೆ, ಇನ್ನು ನಿಮಗೆ ದೀಪವೇಕೆ ಎನ್ನುತ್ತಾನೆ. ಅವಳು ಬೈಯಲಿಲ್ಲ, ಅಳಲಿಲ್ಲ. ಹಾಗೇ ಆಗಲಿ ಎಂದಳು.

ಆ ಶುಕ್ರವಾರವೇ ಎದ್ದು ಹೋಗಿ ಕಾಲಿಗೆ ಬಿದ್ದಿದ್ದರೆ ಈ ಬರಹಕ್ಕೆ ಅವಕಾಶವೇ ಇರುತ್ತಿರಲಿಲ್ಲ. ನಾನು ಹೋದದ್ದು ಓವರ್ಸಿಯರ್ ಬಳಿಗೆ. ಕೊನೆಯ ಮನೆಯ ವಿಷಯ ಬರೆದುಕೊಳ್ಳುವಾಗ ತಪ್ಪಾಗಿದೆ, ಅವರಿಗೆ ದೀಪ ಬೇಕಂತೆ ಎಂದೆ. ಏನು ತಪ್ಪು ಎಂದು ಹೇಳಲಿಲ್ಲ. ಅವರು ಕನ್ನಡಕದ ಮೇಲಿನಿಂದ ನೋಡಿದರು. "ಬೇಡ ಅಂದವಳು ಬೇಕು ಅಂತ ಅರ್ಜಿಗೆ ಹೆಬ್ಬೆಟ್ಟು ಒತ್ತಿಕೊಡಲಿ. ಕಂಬ ಬರೋದಕ್ಕೆ ಇನ್ನೂ ಒಂದು ತಿಂಗಳಿದೆ. ತಂದರೆ ಸೇರಿಸೋಣ, ಅದಕ್ಕೇನು" ಎಂದರು. ಅಷ್ಟು ಸುಲಭವಾಗಿತ್ತು. ಒಂದು ಕಾಗದ, ಒಂದು ಹೆಬ್ಬೆಟ್ಟು, ಒಂದು ತಿಂಗಳು.

ಮೂರು ಸಲ ಹೊರಟೆ. ಮೂರು ಸಲವೂ ಹುಣಸೆ ವ್ಯಾಪಾರಿಯ ಮೂಲೆಯವರೆಗೆ ಹೋಗಿ, ಅಲ್ಲಿಂದ ಆ ಮನೆಯ ಬಾಗಿಲು ಕಂಡ ಕೂಡಲೇ ಕಾಲು ಹಿಂದೆ ಬಂತು. ಏನೆಂದು ಹೇಳುವುದು? 'ನಿಮ್ಮ ಮಗ ಸತ್ತದ್ದು ಅಂತ ತಿಳಿಯಲಿಲ್ಲ' ಎಂದು ಯಾವ ಬಾಯಲ್ಲಿ ಹೇಳುವುದು? ಇಷ್ಟು ಓದಿದವನಿಗೆ ಇಷ್ಟು ತಿಳಿಯಲಿಲ್ಲವೇ ಎಂದು ನಕ್ಕಾರು ಎಂಬ ಅಂಜಿಕೆಯೂ ಇತ್ತು, ಮುಚ್ಚಿಟ್ಟು ಏನು ಪ್ರಯೋಜನ. ಕಡೆಗೆ ಕಾಗದವನ್ನು ಜವಾನನ ಕೈಯಲ್ಲಿ ಕಳಿಸಿದೆ. ಅವನು ಹೋದ ಹಾಗೆಯೇ ಬಂದ.

"ಆಯಮ್ಮ ಕಾಗ್ದ ಮುಟ್ಲಿಲ್ಲ ಸ್ವಾಮಿ. ಬರ್ಕೊಂಡು ಹೋದೋರೇ ಬರ್ಲಿ, ನಾನೇನು ಕಚ್ಚಾಕಿಲ್ಲ ಅಂದ್ಲು."

ಬಾ ಎಂದು ಕರೆದಿದ್ದಳು. ಬಾಗಿಲು ತೆರೆದು ಇಟ್ಟಿದ್ದಳು. ನಾಳೆ ಹೋಗೋಣ ಎಂದುಕೊಂಡೆ. ಸೋಮವಾರ ಕೊರಟಗೆರೆಯಲ್ಲಿ ಕೆಲಸ ಬಂತು. ಆಮೇಲೆ ಹಬ್ಬ ಬಂತು. ಹೆಂಡತಿಗೆ ಜ್ವರ ಬಂತು. ಬರಲಿ ಎಂದು ಕಾಯುತ್ತಿದ್ದವನಿಗೆ ಎಲ್ಲವೂ ಬರುತ್ತವೆ. ತಿಂಗಳು ಮುಗಿಯಿತು, ಗಾಡಿಗಳಲ್ಲಿ ಕಂಬಗಳೂ ಬಂದವು. ನಾಲ್ಕನೆಯ ಬೀದಿಯ ಮೂಲೆಯಲ್ಲಿ ಕೊನೆಯ ಕಂಬ ನೆಟ್ಟು, ಆಳುಗಳು ಹಾರೆ ಗುದ್ದಲಿ ಎತ್ತಿಕೊಂಡು ಹೋದರು.

ಅದಾಗಿ ಒಂದು ವಾರಕ್ಕೆ ಬೆಳಿಗ್ಗೆ ನಾನೂ ಜವಾನನೂ ಬಸ್ಸು ನಿಲ್ಲುವ ಜಾಗದಲ್ಲಿ ತಂತಿಯ ಸುರುಳಿ ಇಳಿಸಿಕೊಳ್ಳಲು ನಿಂತಿದ್ದೆವು. ಮಿಡಿಗೇಶಿಯ ಮೇಲೆ ಪಾವಗಡಕ್ಕೆ ಹೋಗುವ ಬಸ್ಸು ಹೊರಡುವುದರಲ್ಲಿತ್ತು. ಅದರ ಪಕ್ಕದಲ್ಲಿ ಆ ತಾಯಿ ನಿಂತಿದ್ದಳು. ಜೊತೆಗೆ ಬಟ್ಟೆಯ ಗಂಟು ಹಿಡಿದ ಒಬ್ಬ ಚಿಕ್ಕ ವಯಸ್ಸಿನ ಹೆಂಗಸು. ಬಸ್ಸಿನ ಮೆಟ್ಟಿಲ ಮೇಲಿಂದ ಒಬ್ಬ ಗಂಡಸು, "ಪದಮ್ಮಾ, ಟೈಮಾಯ್ತು, ಎಕ್ಕು ಎಕ್ಕು" ಎಂದು ತೆಲುಗಿನಲ್ಲಿ, ಬಾ ಹತ್ತು ಎಂದು ಅವಸರ ಮಾಡುತ್ತಿದ್ದ. ನಾನು ಹುಣಸೆಹಣ್ಣಿನ ಮೂಟೆಗಳ ಹಿಂದಕ್ಕೆ ಸರಿದೆ.

"ಆ ಕೊನೆ ಮನೆ ಸೊಸೆ" ಎಂದ ಜವಾನ. "ತವರಿಗೆ ಹೊಂಟವ್ಳೆ. ಕರೆಂಟು ಬಂದ್ರೆ ಇಲ್ಲೇ ಇರ್ತೀನಿ ಅಂತ ಅಣ್ಣನಿಗೆ ಮಾತು ಕೊಟ್ಟಿದ್ಲಂತೆ. ಬರ್ಲಿಲ್ವಲ್ಲ."

ಆ ಒಂದು ದೀಪದ ಮೇಲೆ ಏನು ನಿಂತಿತ್ತು ಎಂದು ನನಗೆ ಗೊತ್ತಾದದ್ದು ಅಲ್ಲಿ, ಮೂಟೆಗಳ ಹಿಂದೆ. ಸೊಸೆ ಬಸ್ಸು ಹತ್ತಿ ಕಿಟಕಿಯಿಂದ ತಲೆ ಹೊರಹಾಕಿ, "ಮಿಸೀನಿಗೆ ವಾರಕ್ಕೊಂದ್ಸಲ ಎಣ್ಣೆ ಬುಡು ಅತ್ತೆ, ತುಕ್ಕು ಹಿಡಿದ್ಬುಟ್ಟೀತು" ಎಂದಳು. ಅತ್ತೆ ಹೂಂ ಹೂಂ ಎಂದು ತಲೆಯಾಡಿಸಿದಳು. ಬಸ್ಸು ಹೋದ ಮೇಲೂ ಧೂಳು ಇಳಿಯುವವರೆಗೆ ನಿಂತಿದ್ದು, ಆಮೇಲೆ ಬಡಾವಣೆಯ ದಾರಿ ಹಿಡಿದಳು. ಹತ್ತು ಹೆಜ್ಜೆ ಓಡಿದ್ದರೆ ಹಿಡಿಯಬಹುದಿತ್ತು. ನಾನು ತಂತಿಯ ಸುರುಳಿ ಎಣಿಸಿದೆ.

ಆಮೇಲೆ ಯುದ್ಧ ಬಂತು. ತಾಮ್ರದ ತಂತಿ ಬರುವುದು ನಿಂತುಹೋಯಿತು, ಹೊಸ ಬೀದಿಗಳಿಗೆ ಲೈನು ಎಳೆಯಬಾರದೆಂದು ಆಜ್ಞೆಯಾಯಿತು. ಇನ್ನು ನನ್ನ ಕೈಯಲ್ಲಿ ಏನಿದೆ ಎಂದು ಹೇಳಿಕೊಳ್ಳಲು ನನಗೊಂದು ದೊಡ್ಡ ನೆಪ ಸಿಕ್ಕಿತು. ಸಿರಾಕ್ಕೆ ವರ್ಗವಾದಾಗ ಬದುಕಿ ಬಂದೆ ಎಂದುಕೊಂಡೆ. ಎಲ್ಲಿಗೆ ವರ್ಗವಾದರೂ ಸಂಜೆ ಹೆಂಡತಿ ದೇವರ ದೀಪಕ್ಕೆ ಎಣ್ಣೆ ಹಾಕಲು ಕೂತಾಗ ನಾನು ಎದ್ದು ಹೊರಗೆ ಹೋಗುತ್ತಿದ್ದೆ.

ಯುದ್ಧದ ಕೊನೆಯ ವರ್ಷ, ಶಾಂತಿ ಬಂದ ಮೇಲೆ ಯಾವ ಯಾವ ಊರಿಗೆ ದೀಪ ಕೊಡಬೇಕೆಂದು ಮೊದಲೇ ನಕ್ಷೆ ಮಾಡಿಡಿ ಎಂದು ನಮ್ಮನ್ನು ಪಾವಗಡದ ಕಡೆ ಕಳಿಸಿದರು. ನಿಡುಗಲ್ ಬೆಟ್ಟದ ಕೆಳಗೆ ಒಂದು ಹಳ್ಳಿ. ಬಾಯಾರಿ ಒಂದು ಮನೆಯ ಮುಂದೆ ನಿಂತು ನೀರು ಕೇಳಿದೆ. ಚೊಂಬು ತಂದವಳು ನನ್ನನ್ನೂ ಸರಪಳಿಯನ್ನೂ ನೋಡಿ, "ನೀವು ಮಧುಗಿರಿ ಕರೆಂಟು ಸ್ವಾಮಿಯೋರಲ್ವಾ?" ಎಂದಳು. ಅವಳು ನನ್ನನ್ನು ಬಾಗಿಲ ಸಂದಿಯಿಂದ ನೋಡಿದ್ದಳಂತೆ. ನಾನು ಅವಳನ್ನು ಮೂಟೆಗಳ ಸಂದಿಯಿಂದ ನೋಡಿದ್ದೆ. ಇಬ್ಬರೂ ಎದುರಾದದ್ದು ಅದೇ ಮೊದಲು.

ಅವಳ ಕಾಲಿಗೆ ಎರಡು ಮಕ್ಕಳು ಜೋತುಬಿದ್ದಿದ್ದವು. ಅವಳವಲ್ಲ. ಅಣ್ಣ ಅವಳಿಗೆ ಸೀರುಡಿಕೆ ಮಾಡಿಸಿದ್ದ. ಆ ಕಡೆ ಗಂಡ ಸತ್ತವಳಿಗೆ ಇನ್ನೊಂದು ಮನೆಯ ಸೀರೆ ಉಡಿಸಿ ಕಳಿಸುವ ಪದ್ಧತಿಯಿದೆ. ಹೆಂಡತಿ ಸತ್ತವನೊಬ್ಬನ ಮನೆ, ಅವನ ಮಕ್ಕಳು. ಅವಳು ಅಂಗೈಯನ್ನಷ್ಟೇ ತೊಳೆದುಕೊಂಡು ಬಂದಿದ್ದಳು, ಮೊಣಕೈವರೆಗೆ ಸಗಣಿಯಾಗಿತ್ತು.

"ನಮ್ಮತ್ತೆ ಹೆಂಗವ್ರೆ ಸ್ವಾಮಿ? ಹೋಗಿ ನೋಡ್ಬೇಕು ಅಂದ್ರೆ ಈ ಮನೆಯೋರು ಬುಡಾಕಿಲ್ಲ. ಕರೆಂಟು ಬಂತಾ?"

"ಇನ್ನೂ ಇಲ್ಲ."

"ದಿನಾ ಮೂಲೆಗಂಟ ಹೋಗಿ ಕಂಬ ಎಣಿಸ್ತಿದ್ದೆ. ಇವತ್ತು ನಮ್ ಬೀದಿಗೆ ತಿರುಗ್ತಾವೆ, ನಾಳೆ ತಿರುಗ್ತಾವೆ ಅಂತ" ಎಂದಳು. ಸಿಟ್ಟಿರಲಿಲ್ಲ ದನಿಯಲ್ಲಿ, ಅದಕ್ಕೇ ಕೇಳಲಾಗಲಿಲ್ಲ. ಆಮೇಲೆ ಕೇಳಿದಳು: "ಗಂಡು ದಿಕ್ಕಿಲ್ದ ಮನೆಗೆ ಸರ್ಕಾರ ದೀಪ ಕೊಡಾಕಿಲ್ಲ ಅಂತ ನಮ್ಮತ್ತೆ ಅಂದ್ರು. ಹೌದಾ ಸ್ವಾಮಿ? ಅಂಗೊಂದು ಕಾನೂನೈತಾ?"

"ಇಲ್ಲ" ಎಂದೆ.

"ಮತ್ತೆ?"

ಚೊಂಬು ಕೆಳಗಿಟ್ಟೆ. ಮಕ್ಕಳಲ್ಲೊಂದು ಅಳಲು ಶುರುಮಾಡಿತು, ಅವಳು ಎತ್ತಿಕೊಂಡು ಒಳಗೆ ಹೋದಳು. ಮತ್ತೆ ಹೊರಗೆ ಬರುವುದರೊಳಗೆ ನಾನು ಹೊರಟುಬಿಟ್ಟಿದ್ದೆ.

ಆದರೆ ಆ 'ಮತ್ತೆ' ನನ್ನನ್ನು ಬಿಡಲಿಲ್ಲ. ಯುದ್ಧ ಮುಗಿದು, ನಿಂತಿದ್ದ ಬೀದಿಗಳಿಗೆ ಲೈನು ಎಳೆಯಬಹುದು ಎಂದು ಕಾಗದ ಬಂದ ವಾರವೇ, ಯಾರೂ ಹೇಳದಿದ್ದರೂ ಒಂದು ಅರ್ಜಿ ತೆಗೆದುಕೊಂಡು ಮಧುಗಿರಿಗೆ ಹೋದೆ. ಈ ಸಲ ಮೂಲೆಯಲ್ಲಿ ನಿಲ್ಲಲಿಲ್ಲ. ಅವಳು ಜಗಲಿಯಲ್ಲಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಬಹಳ ಇಳಿದುಹೋಗಿದ್ದಳು. ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿ, "ಬಂದ್ಯಾಪ್ಪ" ಎಂದಳು, ನಿನ್ನೆ ಹೇಳಿ ಕಳಿಸಿದವಳ ಹಾಗೆ.

ನೆಲದ ಮೇಲೆ ಕೂತು ಎಲ್ಲ ಹೇಳಿದೆ. ಅಂದು ಅವಳು ಹೇಳಿದ್ದು ನನಗೆ ಗ್ಯಾಸ್ ಲೈಟಾಗಿ ಕೇಳಿಸಿದ್ದು, ನಾನು ಬರೆದುಕೊಂಡದ್ದು, ನಕ್ಕದ್ದು, ಎಂಟಕ್ಕೆ ಒಂದು ಮನೆ ಕಡಮೆಯಾಗಿ ಬೀದಿಯೇ ಬಿಟ್ಟುಹೋದದ್ದು. ಅವಳ ಕೈ ಹಣ್ಣಿನ ಮೇಲೆ ಹಾಗೇ ನಿಂತಿತು.

"ಅಂದ್ರೆ ನಿಂಗೆ ಆ ಮಾತು ಗೊತ್ತೇ ಇರ್ಲಿಲ್ವಾ?"

"ಇರಲಿಲ್ಲಮ್ಮ."

"ನಿಮ್ಮವ್ವ ಹೇಳ್ಕೊಟ್ಟಿರ್ಲಿಲ್ವಾ?"

"ಅವಳು ನನ್ನ ಎರಡು ವರ್ಷಕ್ಕೇ ಹೋದಳು."

"ಅಯ್ಯೋ ಸಿವನೇ" ಎಂದಳು. "ತಬ್ಲಿ ಮಗ." ಹುಣಸೆಯ ಅಂಟು ಹತ್ತಿದ್ದ ಕೈಯನ್ನು ಸೀರೆಗೆ ಒರೆಸಿಕೊಂಡು ನನ್ನ ಬೆನ್ನ ಮೇಲಿಟ್ಟಳು. ನನಗೆ ನೆನಪಿರುವಂತೆ ಆ ವಯಸ್ಸಿನ ಹೆಂಗಸೊಬ್ಬಳು ನನ್ನ ಬೆನ್ನ ಮೇಲೆ ಕೈಯಿಟ್ಟದ್ದು ಅದೇ ಮೊದಲು. "ನನ್ ಮಗ ಸತ್ತಿದ್ದು ಒಳ್ಳೇದಾಯ್ತು ಅಂತ ನಗ್ತಾ ಹೇಳೋ ಮನುಸ್ರೂ ಇರ್ತಾರಾ ಅಂತ ಇಷ್ಟು ವರ್ಸ ಕೊರಗಿವ್ನಿ ಕಣಪ್ಪ. ಸದ್ಯ, ನೀನು ಅಂಥೋನಲ್ಲ. ಹೊಟ್ಟೆ ತಣ್ಣಗಾಯ್ತು ನೋಡು."

ನಾನು ಅಳುತ್ತಿದ್ದೆ. ಅವಳು ಬೆನ್ನು ಸವರುತ್ತಿದ್ದಳು. ಹಾಗೇ ಸವರುತ್ತಾ ಕೇಳಿದಳು:

"ನಿಂಗ್ಯಾವಾಗ ಗೊತ್ತಾಯ್ತು?"

ಸುಳ್ಳು ಹೇಳಬಹುದಿತ್ತು. ಮೊನ್ನೆ ಎಂದಿದ್ದರೆ ಅವಳು ನಂಬುತ್ತಿದ್ದಳು, ಆ ಕೈ ಅಲ್ಲೇ ಇರುತ್ತಿತ್ತು.

"ಆ ತಿಂಗಳೇ" ಎಂದೆ.

"ಅವ್ಳು ಹೋಗಕ್ಕೆ ಮುಂಚೇನಾ?"

"ಹೌದಮ್ಮ."

ಕೈ ಬೆನ್ನಿನಿಂದ ಹೋಯಿತು. ಬೀದಿಯಲ್ಲಿ ಗಾಡಿಯೊಂದು ಹಾದುಹೋಯಿತು.

"ಅವತ್ತೇ ಬಂದು ಇಷ್ಟು ಹೇಳ್ಬಾರ್ದಿತ್ತಾ" ಎಂದಳು. "ದೀಪ ಎಷ್ಟು ದಿನ ತಡವಾಗಿದ್ರೂ ಕಾಯ್ತಿದ್ಲು ಅವ್ಳು. ಬರಾಕಿಲ್ಲ ಅಂತ ನಾನೇ ಹೇಳಿ ಕಳಿಸ್ದೆ. ನಾನೇ ಹೇಳ್ದೆ, ಇಲ್ಲಿ ನಿನ್ ಕಣ್ಣು ಹಾಳಾಗೋದು ಬೇಡ ಹೋಗವ್ವ ಅಂತ."

ಅವಳೇ ಕೈ ಚಾಚಿದಳು. "ಕೊಡು ಆ ಕಾಗ್ದ. ಮಿಕ್ಕ ಏಳು ಮನೆಯೋರು ನನ್ನಿಂದ ಕತ್ಲಲ್ಲವ್ರೆ, ಅವ್ರು ಏನು ತಪ್ಪು ಮಾಡವ್ರೆ" ಎಂದಳು. ಮಸಿಯ ಪೆಟ್ಟಿಗೆ ತೆರೆದು ಹಿಡಿದೆ. ಒತ್ತಿದಳು. ಹೆಬ್ಬೆಟ್ಟನ್ನು ಜಗಲಿಯ ಅಂಚಿಗೆ ಒರೆಸಿಕೊಂಡಳು.

ಬರೆಯಬೇಕಾದ ಕಾಲಂ ಒಂದು ಉಳಿದಿತ್ತು. ಕೇಳದೆ ವಿಧಿಯಿರಲಿಲ್ಲ.

"ಮನೆಗೆ ಎಷ್ಟು ದೀಪ ಬರೆಯಲಮ್ಮ?"

ಅವಳು ಒಳಗಿನ ಕತ್ತಲ ಕಡೆ ಒಂದು ಸಲ ನೋಡಿದಳು.

"ನಾನೊಬ್ಳೇ ಅಲ್ವಾ" ಎಂದಳು. "ಒಂದು ಬರ್ಕೊ."